ಶೀಟು ಬರೆದೆ, ಪೈಪು ಬಿಟ್ಟೆ

ಆ ರೂಮಿಗೆ ಫ್ಯಾನ್ ಹಾಕಿಸಿದ್ದು ನಾನೇ. ಎರಡು ವರ್ಷ ಆಯಿತು. ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬೆಂಗಳೂರಿನಲ್ಲಿ 1970ರ ದಶಕದ ಒಂದು ಹೋಟೆಲ್ ಕಟ್ಟಡ. ಅದನ್ನು ಆಫೀಸ್ ಮಾಡುವ ಕೆಲಸ ನಮಗೆ ಸಿಕ್ಕಿತ್ತು. ಸೈಟ್ ಎಂಜಿನಿಯರ್ ನಾನು. ಡೆಮಾಲಿಷನ್‌ಗೆ ಮುಂಚೆ ಕಲ್ನಾರು (ಆಸ್ಬೆಸ್ಟಾಸ್, ಧೂಳು ಉಸಿರಿಗೆ ಹೋದರೆ ರೋಗ ತರುವ ನಾರು) ಎಲ್ಲೆಲ್ಲಿದೆ ಅಂತ ಪಟ್ಟಿ ಮಾಡಿದೆ. ಟೆರೇಸಿನ ಶೀಟು, ಹಿಂಬದಿಯ ಮಳೆನೀರಿನ ಪೈಪು. ಶೀಟುಗಳನ್ನು ಒದ್ದೆ ಮಾಡಿ, ಬೋಲ್ಟ್ ಬಿಚ್ಚಿ, ಒಂದೂ ಒಡೆಯದಂತೆ ಇಳಿಸಿದೆವು. ಕೆಲಸ ಮುಗಿಯಿತು ಅಂದುಕೊಂಡೆ. ಆಸ್ಬೆಸ್ಟಾಸ್ ಅಂದರೆ ನಮಗೆಲ್ಲ ಶೀಟೇ ಕಣ್ಣಿಗೆ ಬರೋದು, ಅಲ್ವಾ?

ಲಾಂಡ್ರಿ ಹಿಂದೆ ಬಾಯ್ಲರ್ ರೂಮ್ ಇತ್ತು. ಸ್ಟೀಮ್ ಲೈನಿಗೆ ದಪ್ಪ ಲ್ಯಾಗಿಂಗ್, ಅಂದರೆ ಬಿಸಿ ಆರದಂತೆ ಪೈಪಿಗೆ ಸುತ್ತುವ ಹೊದಿಕೆ. ಮೇಲೆ ಕ್ಯಾನ್ವಾಸ್, ಅದರ ಮೇಲೆ ಎಷ್ಟೋ ಕೋಟ್ ಪೇಂಟ್. ಬೆರಳಲ್ಲಿ ತಟ್ಟಿ ನೋಡಿದೆ. ಪಿಓಪಿ ಇರಬೇಕು ಅನ್ನಿಸಿತು. 'ಪ್ಲಾಸ್ಟರ್' ಅಂತ ಬರೆದು ಸಹಿ ಹಾಕಿದೆ. ಆ ಸ್ಟೀಮ್ ಪೈಪನ್ನು ಗುಜರಿಯವರಿಗೆ ಕೊಟ್ಟಾಯಿತು.

ಅವರ ಮೂವರು ಹುಡುಗರು ಗ್ರೈಂಡರ್ ಹಿಡಿದು ಕೊಯ್ಯುತ್ತಿದ್ದರು. ನಾನು ಹೋದಾಗ ರೂಮೆಲ್ಲ ಬೆಳ್ಳಗೆ. ಹುಡುಗರ ರೆಪ್ಪೆಯೂ ಬೆಳ್ಳಗೆ. ಮೂಗಿಗೆ ಬರೀ ಕರ್ಚೀಫು. "ಫ್ಯಾನ್ ತಂದಿಡ್ರಪ್ಪ, ಗಾಳಿ ಆಡ್ಲಿ" ಅಂದೆ. ಒಬ್ಬ ಪೊರಕೆ ತಗೊಂಡು ಗುಡಿಸತೊಡಗಿದ. ಧೂಳು ಬಾಗಿಲು ದಾಟಿ ಕಾರಿಡಾರಿಗೆ ಬಂತು. ನಾನು ಅಲ್ಲೇ ನಿಂತು ಫೋನಿನಲ್ಲಿ ಮಾತಾಡುತ್ತಿದ್ದೆ. ಹೀಗೆ ಹತ್ತು ನಿಮಿಷ.

ನಮ್ಮ ಹಿರಿಯ ಫಿಟ್ಟರ್ ಬಂದು ಬಾಗಿಲಲ್ಲೇ ನಿಂತುಬಿಟ್ಟರು. ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡು ರಿಟೈರ್ ಆದವರು. "ಸರ್, ಫ್ಯಾನ್ ಆರ್ಸಿ. ಇದು ಕಲ್ನಾರು. ಮೊದ್ಲು ಹುಡುಗರನ್ನ ಆಚೆ ಕರೀರಿ."

ಕೊಯ್ದ ಅಂಚಿನಲ್ಲಿ ಹತ್ತಿಯಂಥ ಎಳೆ ಕಾಣುತ್ತಿತ್ತು. ಆದರೂ ಅವರು ಹೇಳಿದ್ದು ತಪ್ಪಿರಲಿ ಅಂತ ಮನಸ್ಸು ಬೇಡುತ್ತಿತ್ತು. ಫ್ಯಾನ್ ನಿಲ್ಲಿಸಿ, ಬಾಗಿಲಿಗೆ ಪ್ಲಾಸ್ಟಿಕ್ ಹೊಡೆದು ಟೇಪ್ ಹಾಕಿದೆವು. ಹುಡುಗರಿಗೆ ಸ್ನಾನ ಮಾಡಿಸಿ, ಬಟ್ಟೆಗಳನ್ನು ಕವರಿನಲ್ಲಿ ಕಟ್ಟಿಟ್ಟೆವು. ನಾಲ್ಕು ದಿನಕ್ಕೆ ಲ್ಯಾಬ್ ರಿಪೋರ್ಟ್ ಬಂತು. ಬಿಳಿ ಕಲ್ನಾರು, ಕಂದು ಕಲ್ನಾರು, ಎರಡೂ ಇತ್ತು.

ಶೀಟಿನಲ್ಲಿ ನಾರನ್ನು ಸಿಮೆಂಟು ಹಿಡಿದಿಟ್ಟಿರುತ್ತದೆ. ಲ್ಯಾಗಿಂಗ್ ಕೈಯಲ್ಲೇ ಪುಡಿಯಾಗುತ್ತದೆ. ಜಾಸ್ತಿ ಎಚ್ಚರ ಬೇಕಿದ್ದ ಕಡೆ ನಾನು ಬೆರಳಲ್ಲಿ ತಟ್ಟಿ ಸುಮ್ಮನಾದೆ. ತಟ್ಟಿದರೆ, ಮೂಸಿದರೆ ಗೊತ್ತಾಗುವ ವಸ್ತುವಲ್ಲ ಇದು. ಮೈಕ್ರೋಸ್ಕೋಪಿನಲ್ಲೇ ನೋಡಬೇಕು.

ಮ್ಯಾನೇಜರ್ ಕೇಳಿದ್ದು ಹ್ಯಾಂಡೋವರ್ ಎಷ್ಟು ದಿನ ತಡ ಅಂತ. ಬಿಓಕ್ಯೂನಲ್ಲಿ, ಅಂದರೆ ಕೆಲಸ ಮತ್ತು ಖರ್ಚಿನ ಪಟ್ಟಿಯಲ್ಲಿ, ಸ್ಯಾಂಪಲ್ ಟೆಸ್ಟಿಗೆ ಒಂದು ಲೈನೂ ಇರಲಿಲ್ಲ. ಎಷ್ಟೋ ಸೈಟುಗಳಲ್ಲಿ ಈಗಲೂ ಇಲ್ಲ. ಬ್ರಿಟನ್‌ನಲ್ಲಿ 1999ರಲ್ಲಿ ಬಿಳಿ ಕಲ್ನಾರನ್ನೂ ನಿಷೇಧಿಸಿದರು. 2000ದ ನಂತರ ಕಟ್ಟಿದ್ದು ಅಂದರೆ ಅಲ್ಲಿ ಅನುಮಾನ ಕಡಿಮೆ. ನಮ್ಮಲ್ಲಿ ಅಂಥ ಗೆರೆಯೇ ಇಲ್ಲ. ಶೀಟು ಈಗಲೂ ಅಂಗಡಿಯಲ್ಲಿ ಸಿಗುತ್ತದೆ.

ಈಗ ಆ ಫಿಟ್ಟರ್ ಜೊತೆಯಲ್ಲಿ ಇಲ್ಲದೆ ನಾನು ಸರ್ವೆ ಮಾಡುವುದಿಲ್ಲ. ಪೈಪು ಜೋಡಿಸುವ ಫ್ಲ್ಯಾಂಜ್ ನಡುವಿನ ಗ್ಯಾಸ್ಕೆಟ್, ಬಾಯ್ಲರ್ ಬಾಗಿಲಿನ ಹಗ್ಗ, ಹಳೇ ಸ್ವಿಚ್ ಬೋರ್ಡ್ ಹಿಂದಿನ ಹಲಗೆ, ಶಾಫ್ಟಿನ ಫ್ಲ್ಯಾಟ್ ಶೀಟು, ನೆಲದ ಟೈಲ್ ಕೆಳಗಿನ ಕಪ್ಪು ಗೋಂದು, ಎಲ್ಲ ನೋಡುತ್ತೇವೆ. ಅನುಮಾನ ಬಂದರೆ 'ಇದೆ' ಅಂತಲೇ ಬರೆಯುತ್ತೇನೆ. ಲ್ಯಾಬಿನವರು ಇಲ್ಲ ಅನ್ನುವವರೆಗೂ ಅದು ಇದೆ.

ಕಲ್ನಾರು ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಇದರ ರೋಗ ಅಷ್ಟು ತಡವಾಗಿ ಕಾಣಿಸಿಕೊಳ್ಳುತ್ತದೆ. ಗುಜರಿ ಹುಡುಗರ ಹೆಸರು ಯಾವ ರಿಜಿಸ್ಟರಿನಲ್ಲಿದೆ? ಒಂದು ದಿನದ ಧೂಳಿಗೆ ಅಪಾಯ ಕಡಿಮೆ ಅಂದರು ಡಾಕ್ಟರ್. ಅವರಿಗೆ ಅದು ಒಂದೇ ದಿನವಾಗಿತ್ತಾ, ನಾನು ಕೇಳಿರಲಿಲ್ಲ.

ಮೂವರ ಹೆಸರು, ತಾರೀಖು, ರಿಪೋರ್ಟಿನ ಕಾಪಿ ನನ್ನ ಹತ್ತಿರ ಇದೆ. ಒಬ್ಬ ಫೋನಿಗೆ ಸಿಗುತ್ತಾನೆ, ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಉಳಿದಿಬ್ಬರು ಊರಿಗೆ ಹೋದರಂತೆ. ಯಾವ ಊರು ಅಂತ ಮೇಸ್ತ್ರಿಗೂ ಗೊತ್ತಿಲ್ಲ.