ಒಲ್ಲೆನೆನ್ನುವ ಕಾಡು

ಫ್ಯಾಂಟಸಿ ಸಾಹಿತ್ಯದಲ್ಲಿ ಪ್ರಕೃತಿಯ ಮಾತು ಬಂದಾಗ ಹೆಚ್ಚಿನವರಿಗೆ ನೆನಪಾಗುವುದು ಮಾತನಾಡುವ ಮರ, ಹಾಡುವ ಹೊಳೆ, ದಾರಿ ತೋರಿಸುವ ಹಕ್ಕಿ. ನನ್ನನ್ನು ಈ ಬಗೆಯ ಕಥೆಗಳತ್ತ ಮತ್ತೆ ಮತ್ತೆ ಎಳೆಯುವುದು ಬೇರೆಯೇ ಒಂದು ಗುಣ. ಅಲ್ಲಿನ ಕಾಡು, ನದಿ, ಮಳೆ ಮನುಷ್ಯನ ಮುಖಕ್ಕೇ ‘ಒಲ್ಲೆ’ ಎನ್ನಬಲ್ಲವು. ವರದಿಗಳಲ್ಲಿ, ಅಂಕಿಅಂಶಗಳಲ್ಲಿ, ನ್ಯಾಯಾಲಯದ ಆದೇಶಗಳಲ್ಲಿ ಕಾಡಿನ ಪರವಾಗಿ ಯಾವಾಗಲೂ ಬೇರೆ ಯಾರೋ ಮಾತನಾಡುತ್ತಿರುತ್ತಾರೆ. ಅದ್ಭುತ ಕಥೆಯಲ್ಲಿ ಅದು ತನ್ನ ಕಟ್ಟಳೆಯನ್ನು ತಾನೇ ಮುಂದಿಡುತ್ತದೆ. ಗದ್ದೆ, ಕಾಫಿ ತೋಟ, ದೇವರಕಾಡು ಒಂದರ ಮಗ್ಗುಲಲ್ಲಿ ಒಂದು ಇರುವ ಕೊಡಗಿನಲ್ಲಿ ಕುಳಿತು ಓದುವಾಗ ಈ ಕಟ್ಟಳೆಗಳು ದೂರದ ಕಲ್ಪನೆ ಎನಿಸುವುದೇ ಇಲ್ಲ.

ನಮ್ಮದೇ ಕಥೆಯಿಂದ ತೊಡಗುತ್ತೇನೆ. ಎ.ಕೆ. ರಾಮಾನುಜನ್ ಕನ್ನಡದ ಬಾಯಿಮಾತಿನಿಂದ ಸಂಗ್ರಹಿಸಿದ, ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಸಿನಿಮಾ ಮಾಡಿದ ಕಥೆಯೊಂದಿದೆ. ಬಡತನದಲ್ಲಿ ದುಡಿಯುವ ತಾಯಿಗೆ ನೆರವಾಗಲೆಂದು ಒಬ್ಬ ಹುಡುಗಿ ಹೂವಿನ ಮರವಾಗುತ್ತಾಳೆ. ಅದಕ್ಕೆ ಅವಳ ಕಟ್ಟಳೆಗಳಿವೆ: ಬಿಂದಿಗೆಯ ನೀರಿಗೆ ಉಗುರು ಸೋಕಬಾರದು, ಹೂ ಬಿಡಿಸುವಾಗ ಚಿಗುರು ಮುರಿಯಬಾರದು, ಎಲೆ ಹರಿಯಬಾರದು, ಕೊನೆಗೆ ಎರಡನೆಯ ಬಿಂದಿಗೆಯ ನೀರನ್ನು ಸುರಿದು ಅವಳನ್ನು ಮತ್ತೆ ಹುಡುಗಿಯಾಗಿಸಬೇಕು. ಅಕ್ಕ ಇದನ್ನೆಲ್ಲ ಪಾಲಿಸುತ್ತಾಳೆ. ಮದುವೆಯಾದ ರಾಜಕುಮಾರ ಮಾತ್ರ ರಾತ್ರಿ ರಾತ್ರಿಯೂ ಮರವಾಗೆಂದು ಒತ್ತಾಯಿಸುತ್ತಾನೆ, ಕೋಣೆಯಲ್ಲಿ ಬಾಡಿದ ಹೂಗಳು ರಾಶಿ ಬೀಳುತ್ತವೆ. ಅನಂತರ ನಾದಿನಿ ಮತ್ತು ಅವಳ ಗೆಳತಿಯರು ತೋಪಿಗೆ ಕರೆದೊಯ್ದು, ಕೊಂಬೆ ಮುರಿದು, ಮಳೆ ಬಂತೆಂದು ಓಡಿಹೋಗುತ್ತಾರೆ. ಹುಡುಗಿ ಕೈಕಾಲಿಲ್ಲದ ಮುದ್ದೆಯಾಗಿ ಉಳಿಯುತ್ತಾಳೆ. ಪರಿಸರದ ಬಗ್ಗೆ ನಾನು ಓದಿರುವ ಕಥೆಗಳಲ್ಲಿ ಇದಕ್ಕಿಂತ ನಿಖರವಾದದ್ದು ಮತ್ತೊಂದಿಲ್ಲ. ಮರದಿಂದ ಏನನ್ನೂ ಪಡೆಯಬಾರದೆಂದು ಕಥೆ ಹೇಳುವುದಿಲ್ಲ. ಹೂ ಮಾರಿದ ಹಣದಿಂದಲೇ ಆ ಮನೆಯ ಒಲೆ ಉರಿಯುತ್ತದೆ. ಪಡೆಯುವ ಕ್ರಮವೊಂದನ್ನು ಮರವೇ ಹೇಳಿಕೊಟ್ಟಿದೆ, ಅದನ್ನು ಮೀರಿದಾಗ ಗಾಯವಾಗುವುದು ಮೊದಲು ಮರಕ್ಕೆ.

ಕಾವೇರಿಯ ಕಥೆಯೂ ಇದೇ ಜಾತಿಯದು. ಕವೇರ ಮುನಿಯ ಸಾಕುಮಗಳು ಅಗಸ್ತ್ಯರನ್ನು ಮದುವೆಯಾಗಲು ಒಪ್ಪಿದ್ದು ತನ್ನನ್ನು ಒಂಟಿಯಾಗಿ ಬಿಟ್ಟುಹೋಗಬಾರದೆಂಬ ಮಾತಿನ ಮೇಲೆ. ಅವರು ಅವಳನ್ನು ಕಮಂಡಲುವಿನಲ್ಲಿಟ್ಟು, ಶಿಷ್ಯರನ್ನು ಕಾವಲಿಟ್ಟು, ಸ್ನಾನಕ್ಕೆ ಹೋದರು. ಅವಳು ಉಕ್ಕಿ ಹರಿದಳು. ಶಿಷ್ಯರು ತಡೆಯಲು ಬಂದಾಗ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಮೇಲೆದ್ದಳು. ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಕಾಯುವ ಜನರಲ್ಲಿ ಎಷ್ಟೋ ಮಂದಿ ಕಥೆಯ ಈ ಭಾಗವನ್ನು ಪೂಜ್ಯವೆಂದು ಮಾತ್ರ ಕೇಳುತ್ತಾರೆ. ನನಗಂತೂ ಅದು ಪಾತ್ರೆಯಲ್ಲಿ ಇರಲು ಒಪ್ಪದ ನದಿಯೊಬ್ಬಳ ಕಥೆಯಾಗಿಯೇ ಹೆಚ್ಚು ಆಪ್ತ.

ಇಂಗ್ಲಿಷಿನಲ್ಲಿ ಈ ವಿಷಯದ ಚರ್ಚೆ ಸಾಮಾನ್ಯವಾಗಿ ಜೆ.ಆರ್.ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಕಾದಂಬರಿಯಿಂದ ಆರಂಭವಾಗುತ್ತದೆ, ಅದು ಸರಿಯೂ ಹೌದು. ತನ್ನ ಕೃತಿಗಳಲ್ಲೆಲ್ಲ ತಾನು ಮರಗಳ ಪಕ್ಷ, ಅವುಗಳ ಶತ್ರುಗಳಿಗೆ ವಿರುದ್ಧ ಎಂದು ಅವರು 1972ರಲ್ಲಿ ಒಂದು ಪತ್ರಿಕೆಗೇ ಬರೆದಿದ್ದರು. ಆದರೆ ಎಲ್ಲರೂ ಎತ್ತಿ ಆಡುವ ಪ್ರಸಂಗ, ಅಂದರೆ ಮಾಂತ್ರಿಕ ಸಾರುಮಾನ್ ತನ್ನ ಕುಲುಮೆಗಳಿಗಾಗಿ ಕಾಡು ಕಡಿದು, ಕೆಲವು ಮರಗಳನ್ನು ಕಡಿದಲ್ಲೇ ಕೊಳೆಯಲು ಬಿಟ್ಟು, ಕೊನೆಗೆ ಮರಗಳ ಕಾವಲಿಗರಾದ ಎಂಟ್‌ಗಳ ಕೋಪಕ್ಕೆ ಸಿಕ್ಕುವ ಪ್ರಸಂಗ, ನನ್ನ ಮಟ್ಟಿಗೆ ಆ ಕಾದಂಬರಿಯ ಅತ್ಯುತ್ತಮ ಪರಿಸರ ಚಿಂತನೆಯಲ್ಲ. ಅಲ್ಲಿ ಕಡಿಯುವವನು ಖಳ, ಓದುವವನಿಗೆ ತನ್ನ ಕೈ ನೋಡಿಕೊಳ್ಳುವ ಅಗತ್ಯ ಬೀಳುವುದಿಲ್ಲ. ಅದಕ್ಕಿಂತ ಬಹಳ ಮೊದಲೇ, ಹಾಬಿಟ್ ಎಂಬ ಕುಳ್ಳ ಜನರ ಊರಿನ ಅಂಚಿನಲ್ಲಿರುವ ಹಳೆಯ ಕಾಡಿನ ಅಧ್ಯಾಯವಿದೆ. ಒಂದು ಕಾಲದಲ್ಲಿ ಆ ಕಾಡಿನ ಮರಗಳು ಊರಿನ ಬೇಲಿಯವರೆಗೂ ಬಂದು, ಅದರ ಮೇಲೆ ಬಾಗಿ ನಿಂತವಂತೆ. ಆಗ ಹಾಬಿಟ್‌ಗಳು ನೂರಾರು ಮರಗಳನ್ನು ಕಡಿದು, ಬೇಲಿಯುದ್ದಕ್ಕೂ ಒಂದು ಪಟ್ಟಿ ನೆಲವನ್ನು ಸುಟ್ಟು ಬಯಲು ಮಾಡಿದರಂತೆ. ಅಂದಿನಿಂದ ಕಾಡು ಅವರನ್ನು ಕಂಡರೆ ಮುನಿಯುತ್ತದೆ. ಕಡಿದವರು ಕೆಟ್ಟವರಲ್ಲ. ತೋಟ ಮಾಡಿಕೊಂಡು, ಊಟವನ್ನು ಪ್ರೀತಿಸಿಕೊಂಡು ಬದುಕುವ ಸಾಧುಜನ, ಕಾದಂಬರಿಯ ನಾಯಕರ ಪೂರ್ವಜರು.

ತಿತಿಮತಿ, ಮಾಲ್ದಾರೆ, ಸಿದ್ದಾಪುರದ ಕಡೆಯ ಓದುಗರಿಗೆ ಈ ಅಧ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬೇಲಿಗಳು ಆನೆ ಕಂದಕ, ಸೋಲಾರ್ ತಂತಿ, ಹಳೆಯ ರೈಲು ಕಂಬಿಗಳ ತಡೆಗೋಡೆ. ಅದರಾಚೆಯಿಂದ ಬರುವುದು ಮರವಲ್ಲ, ಹಲಸಿನ ಹಣ್ಣಿನ ವಾಸನೆ ಹಿಡಿದ ಆನೆ. ಬೆಳಗ್ಗೆ ತೋಟಕ್ಕೆ ಹೋದಾಗ ಕಾಫಿ ಗಿಡಗಳ ಸಾಲಿನ ನಡುವೆ ಲದ್ದಿ ಬಿದ್ದಿರುತ್ತದೆ. ಹಬೆಯಾಡುತ್ತಿದ್ದರೆ ಆಳುಗಳು ಅಂದು ಆ ಬದಿಗೆ ಕೆಲಸಕ್ಕೆ ಹೋಗುವುದಿಲ್ಲ. ಆರಿದ್ದರೆ ಕಡ್ಡಿಯಿಂದ ಕೆದಕಿ ನೋಡಬಹುದು: ನಾರು, ಹಲಸಿನ ಬೀಜ, ಹಣ್ಣಿನ ಸಿಪ್ಪೆ ಜೀರ್ಣವಾಗಿ ಉಳಿದ ಕಾಫಿ ಬೀಜ. ಕೆಲವು ಕಡೆ ಮಳೆ ಬಿದ್ದ ಮೇಲೆ ಆ ಬೀಜಗಳೇ ಮೊಳೆತಿರುತ್ತವೆ. ಆನೆಯ ತುಳಿತಕ್ಕೆ ಸಿಕ್ಕಿ ಸತ್ತವರ ಮನೆಗಳು ನಮ್ಮ ನಡುವೆ ಇವೆ. ಅವರ ಮುಂದೆ ನಿಂತು ಕಾಡಿನ ಹಕ್ಕಿನ ಬಗ್ಗೆ ಹಗುರವಾಗಿ ಮಾತನಾಡುವ ಧೈರ್ಯ ಯಾರಿಗೂ ಇರಬಾರದು. ಆದರೂ ಆನೆಯ ಈ ದಾರಿ ನಮ್ಮ ಬೇಲಿಗಿಂತ ಹಳೆಯದು ಎಂಬುದನ್ನು ಆ ಕಾದಂಬರಿಯ ಕಾಡಿನಷ್ಟು ಸ್ಪಷ್ಟವಾಗಿ ನನಗೆ ಯಾವ ವರದಿಯೂ ತಿಳಿಸಿಕೊಟ್ಟಿಲ್ಲ.

ಎಂಟ್‌ಗಳ ಬಗ್ಗೆ ಒಂದು ಮಾತು ಉಳಿದಿದೆ. ಅವರ ಹೆಂಡಂದಿರು ಕಾಣೆಯಾಗಿದ್ದಾರೆ. ಗಂಡಸರಿಗೆ ತಾನಾಗಿ ಬೆಳೆದ ದೊಡ್ಡ ಮರಗಳೂ ಅಲೆದಾಟವೂ ಇಷ್ಟ. ಹೆಂಗಸರಿಗೆ ಹಣ್ಣಿನ ಗಿಡ, ಕಾಳು, ಹೇಳಿದಂತೆ ಕೇಳಿ ಸಾಲಾಗಿ ನಿಲ್ಲುವ ತೋಟ ಇಷ್ಟ. ಹೀಗೆ ದೂರವಾದವರು ಮತ್ತೆ ಒಂದಾಗಲಿಲ್ಲ, ತೋಟಗಳು ಯುದ್ಧದಲ್ಲಿ ಸುಟ್ಟುಹೋದವು. ಕಾಡಿಗೂ ಕೃಷಿಗೂ ನಡುವಿನ ಬಿರುಕನ್ನು ಟೋಲ್ಕಿನ್ ಇಷ್ಟು ದುಃಖದಿಂದ ಬರೆದಿರುವಾಗ, ನನಗೆ ಕೊಡಗಿನ ಹಳೆಯ ಕಾಫಿ ತೋಟಗಳ ನೆನಪಾಗುತ್ತದೆ. ಬೀಟೆ, ಹೊನ್ನೆ, ನಂದಿ, ಮತ್ತಿ, ಅತ್ತಿ, ಹಲಸು ಮೇಲೆ, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ವರ್ಷಕ್ಕೊಮ್ಮೆ ಕಪಾತು ಮಾಡಿ ಬೆಳಕು ಬಿಡುತ್ತಿದ್ದರೇ ಹೊರತು ಮರವನ್ನು ತೆಗೆಯುತ್ತಿರಲಿಲ್ಲ. ಆ ಗಂಡ ಹೆಂಡತಿ ಇಬ್ಬರೂ ಒಂದೇ ಸೂರಿನಡಿ ಇರಬಹುದಾಗಿದ್ದ ಜಾಗ ಅದು. ಈಗ ಒಂದೊಂದೇ ಕಾಡುಮರ ಹೋಗಿ ಅದರ ಜಾಗಕ್ಕೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬರುತ್ತಿದೆ, ಏಕೆಂದರೆ ಅದು ಬೇಗ ಬೆಳೆಯುತ್ತದೆ, ನೆಟ್ಟಗೆ ನಿಲ್ಲುತ್ತದೆ, ಕಡಿದು ಮಾರುವುದೂ ಸುಲಭ. ಕಾಫಿ, ಮೆಣಸಿನ ದರ ನಂಬಿ ಬದುಕುವ ಸಣ್ಣ ಬೆಳೆಗಾರನನ್ನು ಇದಕ್ಕಾಗಿ ದೂರಲು ನನಗೆ ಮನಸ್ಸಿಲ್ಲ. ತೋಟದಲ್ಲಿ ಹಕ್ಕಿಗಳ ದನಿ ಇಳಿದಿರುವುದಂತೂ ಕಿವಿಗೇ ತಿಳಿಯುತ್ತದೆ.

ಉರ್ಸುಲಾ ಲ ಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯಲ್ಲಿ ಕಟ್ಟಳೆ ಮನುಷ್ಯನ ಒಳಗೇ ಇದೆ. ಗೆಡ್ ಎಂಬ ಹುಡುಗ ಮಂತ್ರ ಕಲಿಯಲು ಓಗಿಯಾನ್ ಎಂಬ ಗುರುವಿನೊಡನೆ ನಡೆದು ಹೊರಟಿದ್ದಾನೆ, ಮಳೆ ಹಿಡಿಯುತ್ತದೆ. ಆ ನಾಡಿನ ಯಾವ ಸಾಮಾನ್ಯ ಮಂತ್ರವಾದಿಯೂ ಒಂದು ಮಾತಿನಿಂದ ಮೋಡವನ್ನು ಪಕ್ಕದವನ ಮೇಲೆ ತಳ್ಳಬಲ್ಲ. ಭೂಕಂಪವನ್ನೇ ನಿಲ್ಲಿಸಿದ ಓಗಿಯಾನ್ ಮಾತ್ರ ಮಳೆಯನ್ನು ಅದರ ಪಾಡಿಗೆ ಬಿಟ್ಟು, ದಟ್ಟವಾದ ಮರವೊಂದರ ಬುಡದಲ್ಲಿ ಮಲಗುತ್ತಾನೆ. ಹುಡುಗನಿಗೆ ಸಿಟ್ಟು ಬರುತ್ತದೆ. ದಾರಿಬದಿಯ ಒಂದು ಗಿಡವನ್ನು ತೋರಿಸಿ ಇದರ ಉಪಯೋಗವೇನು ಎಂದು ಅವನು ಕೇಳಿದಾಗಲೂ, ತನಗೆ ಗೊತ್ತಿರುವ ಉಪಯೋಗ ಯಾವುದೂ ಇಲ್ಲವೆಂದೂ, ಎಲ್ಲ ಋತುಗಳಲ್ಲಿ ಅದರ ಬೇರು, ಎಲೆ, ಹೂ, ಬೀಜ ನೋಡಿ ತಿಳಿದರೆ ಅದರ ನಿಜವಾದ ಹೆಸರು ಸಿಗುತ್ತದೆಂದೂ ಗುರು ಹೇಳುತ್ತಾನೆ. ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟನೆಯ ದಿನ ನಮ್ಮಲ್ಲಿ ಮದ್ದುಸೊಪ್ಪನ್ನು ಕುದಿಸಿ, ಆ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡುತ್ತಾರೆ. ಹದಿನೆಂಟು ಬಗೆಯ ಔಷಧಗುಣ ಅಂದು ಅದರಲ್ಲಿ ಕೂಡಿರುತ್ತವೆಂದು ನಂಬಿಕೆ. ಉಳಿದ ದಿನಗಳಲ್ಲಿ ಅದು ತೋಟದ ಬದಿಯಲ್ಲಿ ಯಾರೂ ಮುಟ್ಟದ ಹಸಿರು ಪೊದೆ. ಅಂದರೆ ಒಂದು ದಿನಕ್ಕಾಗಿ ವರ್ಷವಿಡೀ ಅದನ್ನು ಗುರುತಿಟ್ಟುಕೊಂಡು, ಕಳೆಯೆಂದು ಕೀಳದೆ ಉಳಿಸಬೇಕು. ಓಗಿಯಾನ್ ಕಲಿಸುತ್ತಿದ್ದ ಪಾಠ ಇದೇ ಎಂದು ನಾನು ನಂಬಿದ್ದೇನೆ.

ದೇವರಕಾಡಿನ ನಿಯಮವೂ ಇಂಥದ್ದೇ ತಡೆ. ಕೊಡಗಿನಲ್ಲಿ 1,214 ದೇವರಕಾಡುಗಳನ್ನು ಲೆಕ್ಕ ಮಾಡಿದ್ದಾರೆ. ಅಯ್ಯಪ್ಪನ ಕಾಡಿನಲ್ಲಿ ಹರಕೆಯ ಮಣ್ಣಿನ ನಾಯಿಗಳು ಪಾಚಿ ಕಟ್ಟಿಕೊಂಡು ಸಾಲಾಗಿ ನಿಂತಿರುತ್ತವೆ, ಬೇಟೆಗಾರ ದೇವರ ಜೊತೆಗಾರರು. ಗಾಳಿಗೆ ಬಿದ್ದ ಒಣ ಕೊಂಬೆಯನ್ನೂ ಮನೆಗೆ ಒಯ್ಯಬಾರದು. ದಾರಿಗೆ ಅಡ್ಡವಾಗಿದ್ದರೆ ಬದಿಗೆ ಸರಿಸಿ ಬರಬೇಕು. “ಅಲ್ಲಿಂದ ಸೌದೆ ತರಬೇಡ ಮಗ, ಅದು ನಮ್ಮ ಮನೆಯದ್ದಲ್ಲ” ಎಂದು ನೆರೆಮನೆಯ ಅಜ್ಜ ಹೇಳುತ್ತಿದ್ದ ಮಾತಿನಲ್ಲಿ ಭಯಕ್ಕಿಂತ ಹೆಚ್ಚಾಗಿ ಮರ್ಯಾದೆಯಿತ್ತು. ಆ ಕಟ್ಟಳೆ ಇದ್ದೂ ಎಷ್ಟೋ ದೇವರಕಾಡುಗಳು ಅಂಚಿನಿಂದ ಕರಗಿ ತೋಟವಾಗಿವೆ.

ಇಷ್ಟೆಲ್ಲ ಮೆಚ್ಚಿದ ಮೇಲೂ ಈ ಕಥೆಗಳ ಒಂದು ಅಭ್ಯಾಸವನ್ನು ನಾನು ಒಪ್ಪಲಾರೆ. ಪ್ರಕೃತಿಯ ಸೇಡು ಅಲ್ಲಿ ಸದಾ ಗುರಿ ತಪ್ಪದೆ ತಾಗುತ್ತದೆ. ಎಂಟ್‌ಗಳು ಹೊಳೆ ತಿರುಗಿಸಿದಾಗ ನೀರು ನುಗ್ಗುವುದು ಸಾರುಮಾನ್‌ನ ಕೋಟೆಗೇ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆಯ ಬೆಟ್ಟಗಳು ಜಾರಿದಾಗ ಬಹಳ ಜನ ಅದನ್ನು ಪ್ರಕೃತಿಯ ಮುನಿಸು ಎಂದು ಬರೆದರು. ಮಣ್ಣು ಹುಡುಕಿಕೊಂಡು ಹೋದದ್ದು ಯಾರನ್ನು? ಇಳಿಜಾರನ್ನು ಕಡಿದು ಸಮತಟ್ಟು ಮಾಡಿದವರು ಬೇರೆ, ಅದರ ಬುಡದಲ್ಲಿ ಮನೆ ಕಳೆದುಕೊಂಡವರು ಅನೇಕ ಕಡೆ ಬೇರೆ. ಮುನಿಸು ಎಂಬ ಮಾತು ಸತ್ತವರ ಮೇಲೆಯೇ ತಪ್ಪು ಹೊರಿಸಿಬಿಡುತ್ತದೆ.

ಈ ಲೆಕ್ಕವನ್ನು ಹೆಚ್ಚು ಪ್ರಾಮಾಣಿಕವಾಗಿ ಇಟ್ಟಿರುವುದು ಮಹಾಭಾರತ. ಅಗ್ನಿಯ ಹಸಿವಿಗೆಂದು ಕೃಷ್ಣಾರ್ಜುನರು ಖಾಂಡವ ವನವನ್ನು ಸುಡುತ್ತಾರೆ, ಓಡಿಬರುವ ಪ್ರಾಣಿಗಳನ್ನೂ ಬಿಡುವುದಿಲ್ಲ. ತಾಯಿಯನ್ನು ಕಳೆದುಕೊಂಡು ತಪ್ಪಿಸಿಕೊಂಡ ಹಾವು ಅಶ್ವಸೇನ ಕರ್ಣಪರ್ವದಲ್ಲಿ ಕರ್ಣನ ಬಾಣವನ್ನು ಹೊಕ್ಕು ಅರ್ಜುನನ ಕೊರಳಿಗೆ ಬರುತ್ತಾನೆ, ಕಿರೀಟ ಮಾತ್ರ ಹೋಗುತ್ತದೆ. ಅಂದು ಊರಲ್ಲಿರದೆ ಉಳಿದ ಸರ್ಪರಾಜ ತಕ್ಷಕ ಕಚ್ಚುವುದು ಅರ್ಜುನನ ಮೊಮ್ಮಗ ಪರೀಕ್ಷಿತನನ್ನು. ಆ ಸಾವಿಗೆ ನೇರ ಕಾರಣ ಋಷಿಪುತ್ರನ ಶಾಪವೇ ಹೌದು. ಆದರೂ ಕಚ್ಚಲು ಬಂದವನು ಖಾಂಡವದ ನಿವಾಸಿ ಎಂಬುದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಬೆಂಕಿಯಿಟ್ಟ ದಿನ ಪರೀಕ್ಷಿತ ಹುಟ್ಟಿರಲೇ ಇಲ್ಲ. ಅವನ ಮಗ ಜನಮೇಜಯ ಮತ್ತೆ ಬೆಂಕಿ ಹಚ್ಚುತ್ತಾನೆ, ಈ ಸಲ ಹಾವುಗಳ ಕುಲವನ್ನೇ ಮುಗಿಸಲು. ಅದನ್ನು ನಿಲ್ಲಿಸುವವನು ಆಸ್ತೀಕ. ತಂದೆ ಋಷಿ, ತಾಯಿ ನಾಗರಾಜ ವಾಸುಕಿಯ ತಂಗಿ; ಎರಡೂ ಕಡೆಯ ರಕ್ತವಿರುವ ಹುಡುಗ.

ಕನ್ನಡದಲ್ಲಿ ಕೊಡಗಿನ ನೆಲದ ಒಂದು ದೊಡ್ಡ ಫ್ಯಾಂಟಸಿ ಕಾದಂಬರಿಯನ್ನು ನಾನು ಓದಬೇಕಾಗಿದೆ, ಅದರಲ್ಲಿ ಆಸ್ತೀಕನಂಥ ಒಬ್ಬ ಹುಡುಗನೋ ಹುಡುಗಿಯೋ ಇರಬೇಕು. ಪರದೇಶದ ಕಾದಂಬರಿಗಳ ಕಾಡಿನಲ್ಲಿ ಮರ ಮಾತಾಡುತ್ತದೆ, ಕಾಡಿನಲ್ಲೇ ಹುಟ್ಟಿ ಬೆಳೆದ ಮನುಷ್ಯರು ಬಹುಮಟ್ಟಿಗೆ ಕಾಣುವುದಿಲ್ಲ. ನಮ್ಮಲ್ಲಿ ಜೇನುಕುರುಬರು, ಯರವರು ಇದ್ದಾರೆ. ಆನೆಯ ದಾರಿಯನ್ನೂ ಬೆಳೆಗಾರನ ಬೇಲಿಯನ್ನೂ ಇಬ್ಬರ ಬದಿಯಿಂದ ಬಲ್ಲವರು ಅವರೇ. ಆ ಮಗು ಕೊಡವ ಮನೆತನದ ಐನ್‌ಮನೆಯಲ್ಲಿ ಹುಟ್ಟುವುದಕ್ಕಿಂತ ಕಾಡುಜನರ ಹಾಡಿಯಲ್ಲಿಯೋ ತೋಟದ ಆಳುಗಳ ಲೈನ್‌ಮನೆಯಲ್ಲಿಯೋ ಹುಟ್ಟಲಿ, ಕಥೆಯನ್ನು ಹೇಳುವ ದನಿಯೂ ಅಲ್ಲಿಂದಲೇ ಬರಲಿ ಎಂದು ನನ್ನ ಆಸೆ.