ಎಡಗಿವಿಯ ಗರ್‌ಗರ್: ಪ್ಲೇನಾರ್ ಹೆಡ್‌ಫೋನ್ ಬಿಚ್ಚಿದ ಮಳೆಗಾಲ

ಜುಲೈ ಕೊನೆ, ಕೊಡಗಿನ ಸುಂಟಿಕೊಪ್ಪ

ತೊಂದರೆ ಎರಡು. ಬಲಗಡೆ ಸದ್ದು ಕಮ್ಮಿ, ಆಗಾಗ ಪೂರ್ತಿ ಬಂದ್. ಎಡಗಡೆ ಸದ್ದಿಗೆ ಕೊರತೆ ಇಲ್ಲ, ಆದರೆ ತಗ್ಗಿನ ಸ್ವರ ಬಂದಾಗೆಲ್ಲ ಗರ್ ಅನ್ನುತ್ತದೆ. ಮದುವೆ ಮನೆಯೊಂದರಲ್ಲಿ ನಾನೇ ರೆಕಾರ್ಡ್ ಮಾಡಿದ ವಾಲಗ ನನ್ನ ಹತ್ತಿರ ಇದೆ. ಅದರಲ್ಲಿ ಕೊಂಬು ಊದುವಾಗ ಏನೂ ಇಲ್ಲ, ಡೋಲಿನ ಪೆಟ್ಟು ಬಿದ್ದ ಕೂಡಲೇ ಎಡಗಿವಿಯಲ್ಲಿ ಯಾರೋ ಕಾಗದ ಉಜ್ಜಿದ ಸದ್ದು.

ಹೆಡ್‌ಫೋನ್ ಸೆಕೆಂಡ್ ಹ್ಯಾಂಡ್. ಓಪನ್ ಬ್ಯಾಕ್ (ಕಪ್ಪಿನ ಹಿಂಬದಿ ತೆರೆದದ್ದು), ಪ್ಲೇನಾರ್ ಮ್ಯಾಗ್ನೆಟಿಕ್, ಡಬ್ಬಿಯ ಮೇಲೆ 32 ಓಮ್ ಅಂತ ಇದೆ. ಎರಡು ಕಪ್ಪಿಗೂ ಬೇರೆ ಬೇರೆ ಕೇಬಲ್ ತುದಿ. ವಾರಂಟಿ ಯಾವತ್ತೋ ಮುಗಿದಿದೆ. ಬೆಂಗಳೂರಿನ ಒಂದು ರಿಪೇರಿ ಅಂಗಡಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಳ್ಳುವ ಮೊದಲೇ "ಡ್ರೈವರ್ ಹೋಗಿದೆ, ಜೋಡಿ ಬದಲಾಯಿಸಬೇಕು" ಅಂದರು. ಡ್ರೈವರ್ ಅಂದರೆ ಕಪ್ಪಿನೊಳಗೆ ಸದ್ದು ಹುಟ್ಟಿಸುವ ಭಾಗ. ಅವರು ಹೇಳಿದ ರೇಟಿಗೆ ಇನ್ನೊಂದು ಹೆಡ್‌ಫೋನೇ ಬರುತ್ತಿತ್ತು. ಹೊರಗೆ ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆ, ತೋಟದ ಕೆಲಸ ಅರ್ಧಕ್ಕರ್ಧ ನಿಂತಿದೆ. ನಾನೇ ನೋಡೋಣ ಅಂತ ಕೂತೆ.

ಶುರು ಮಾಡುವ ಮೊದಲು ಒಳಗೆ ಏನಿದೆ ಅಂತ ಗೊತ್ತಿದ್ದರೆ ಒಳ್ಳೆಯದು. ಮಾಮೂಲಿ ಡೈನಾಮಿಕ್ ಡ್ರೈವರ್‌ನಲ್ಲಿ ಒಂದು ಕೋನ್, ಅದಕ್ಕೆ ಅಂಟಿದ ವಾಯ್ಸ್ ಕಾಯಿಲ್ ಅನ್ನುವ ತಂತಿ ಸುರುಳಿ. ಪ್ಲೇನಾರ್‌ನಲ್ಲಿ ಎರಡೂ ಇಲ್ಲ. ಫ್ರೇಮಿಗೆ ಬಿಗಿದ ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೈಮೇಲೆ ಲೋಹದ ಗೆರೆ. ಗದ್ದೆ ಉಳುವ ಎತ್ತು ಆ ಬದುವಿಗೆ ಹೋಗಿ ತಿರುಗಿ ಈ ಬದುವಿಗೆ ಬರುವ ಹಾಗೆ ಆ ಗೆರೆ ಹಾಳೆ ತುಂಬ ಓಡಾಡಿರುತ್ತದೆ. ಎದುರಿಗೆ ಸಾಲಾಗಿ ಮ್ಯಾಗ್ನೆಟ್ ಪಟ್ಟಿಗಳು. ಗೆರೆಯಲ್ಲಿ ಕರೆಂಟ್ ಹರಿದರೆ ಇಡೀ ಹಾಳೆ ಒಟ್ಟಿಗೆ ಅಲುಗುತ್ತದೆ. ಇದು ಹೊಸ ವಿದ್ಯೆ ಅಲ್ಲ. ಯಮಹಾ 1976ರಲ್ಲೇ ಎಚ್‌ಪಿ-1 ಅನ್ನುವ ಇಂಥ ಹೆಡ್‌ಫೋನ್ ಮಾರಿತ್ತು.

ಹಾಗಾಗಿ ಡ್ರೈವರ್ ನಿಜವಾಗಿ ಹೋಗುವ ದಾರಿಗಳು ಕೆಲವೇ. ಗೆರೆ ತುಂಡಾಗಬೇಕು. ಇಲ್ಲವೇ ಗೆರೆ ಹಾಳೆಯಿಂದ ಎದ್ದು ಬರಬೇಕು. ಇಲ್ಲವೇ ಹಾಳೆ ಸುಕ್ಕಾಗಿ ಸಡಿಲ ಆಗಬೇಕು, ಅಥವಾ ಮ್ಯಾಗ್ನೆಟ್ ಅಂಟು ಬಿಟ್ಟು ಜರುಗಬೇಕು. ಇದ್ಯಾವುದೂ ಆಗದೆ ಒಳಗೆ ಏನೋ ಸಿಕ್ಕಿಕೊಂಡಿದ್ದರೂ ಕಿವಿಗೆ ಕೇಳುವುದು ಅದೇ ಗರ್‌ಗರ್. ಫೋನಿನಲ್ಲಿ ಕೇಳಿ ಇವನ್ನೆಲ್ಲ ಬೇರೆ ಮಾಡಲು ಆಗುವುದಿಲ್ಲ.

ಅದೇ ವಾರ, ಬಲಗಡೆಯ ಕಥೆ

ಮೊದಲು ಕೇಬಲ್ ಅದಲು ಬದಲು. ಎಡದ ತುದಿ ಬಲಕ್ಕೆ, ಬಲದ್ದು ಎಡಕ್ಕೆ. ತೊಂದರೆ ಜಾಗ ಬದಲಿಸಿದರೆ ಅದು ಕೇಬಲ್ಲಿನದ್ದು ಅಥವಾ ಆಂಪ್‌ನದ್ದು (ಹೆಡ್‌ಫೋನ್ ನಡೆಸುವ ಆಂಪ್ಲಿಫೈಯರ್). ಅಲ್ಲೇ ಉಳಿದರೆ ಕಪ್ಪಿನದ್ದು. ಕಮ್ಮಿ ಸದ್ದು ಎಡಗಡೆಗೆ ಬಂತು. ಗರ್‌ಗರ್ ಮಾತ್ರ ಎಡದಲ್ಲೇ ಕೂತಿತ್ತು. ಅಂದರೆ ಎರಡು ತೊಂದರೆಗೂ ಸಂಬಂಧ ಇಲ್ಲ.

ಬಲಗಡೆಯದ್ದು ಡ್ರೈವರ್ ಅಲ್ಲ ಅಂತ ಅನುಮಾನ ಬರಲು ಇನ್ನೊಂದು ಕಾರಣ ಇತ್ತು. ಸದ್ದು ಕಮ್ಮಿಯಾಗಿತ್ತು, ಸ್ವರದ ಗುಣ ಬದಲಾಗಿರಲಿಲ್ಲ. ಡೈನಾಮಿಕ್ ಹೆಡ್‌ಫೋನಿನ ಇಂಪೀಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ಅಡ್ಡಿ, ಓಮ್‌ನಲ್ಲಿ) ಒಂದೊಂದು ಫ್ರೀಕ್ವೆನ್ಸಿಯಲ್ಲಿ ಒಂದೊಂದು. ರೆಸೊನೆನ್ಸ್ ಇರುವಲ್ಲಿ, ಅಂದರೆ ಕೋನ್ ತಾನಾಗಿ ಹೆಚ್ಚು ಅಲುಗುವ ಸ್ವರದಲ್ಲಿ, ಏರುತ್ತದೆ. ದಾರಿಯಲ್ಲಿ ಎಲ್ಲೋ ಹೆಚ್ಚುವರಿ ಓಮ್ ಸೇರಿಕೊಂಡರೆ ಬೇಸ್ ಉಬ್ಬಿದ ಹಾಗೆ ಕೇಳಿಸುತ್ತದೆ. ಪ್ಲೇನಾರ್ ಹಾಗಲ್ಲ. ಆ ಚಪ್ಪಟೆ ಗೆರೆ ಹೆಚ್ಚುಕಮ್ಮಿ ಬರೀ ರೆಸಿಸ್ಟರ್ ಇದ್ದ ಹಾಗೆ, 20 ಹರ್ಟ್ಸ್‌ನಿಂದ ಮೇಲಿನ ತನಕ ಒಂದೇ ಇಂಪೀಡೆನ್ಸ್. ಓಮ್ ಸೇರಿದರೆ ಎಲ್ಲ ಸ್ವರವೂ ಸಮನಾಗಿ ತಗ್ಗುತ್ತದೆ, ಅಷ್ಟೇ. 32 ಓಮ್ ಡ್ರೈವರ್ ಜೊತೆ ಕನೆಕ್ಟರ್‌ನಲ್ಲಿ ಇನ್ನೊಂದು 32 ಓಮ್ ಕೂತರೆ ಸೀದಾ 6 ಡೆಸಿಬಲ್ ಲಾಸ್.

ಮೀಟರ್ ಹಿಡಿದೆ. ಮೊದಲು ಪ್ರೋಬ್ ಎರಡನ್ನೂ ಒಂದಕ್ಕೊಂದು ತಾಗಿಸಿದರೆ 0.3 ಓಮ್, ಅದನ್ನು ಕಳೆಯಬೇಕು. ಕೇಬಲ್ಲಿನ ಆಂಪ್ ತುದಿಯಿಂದ ಅಳೆದಾಗ ಎಡ 33ರ ಹತ್ತಿರ ಅಲ್ಲಾಡದೆ ನಿಂತಿತು. ಬಲಗಡೆಯದ್ದು 40, 58, ಮತ್ತೆ 36, ಕೇಬಲ್ ಸ್ವಲ್ಪ ತಿರುಚಿದರೆ ಓಪನ್, ಅಂದರೆ ಸಂಪರ್ಕವೇ ಇಲ್ಲ. ಕೇಬಲ್ ಕಿತ್ತು ಕಪ್ಪಿನ ಸಾಕೆಟ್‌ನಲ್ಲೇ ಅಳೆದೆ. ಎರಡೂ ಕಡೆ 33 ಚಿಲ್ಲರೆ, ಕಲ್ಲಿನ ಹಾಗೆ ಸ್ಥಿರ. ಡೈನಾಮಿಕ್‌ನಲ್ಲಿ ಈ ಡಿಸಿ ಓಮ್‌ಗೂ ಡಬ್ಬಿಯ ಮೇಲಿನ ಅಂಕಿಗೂ ಸ್ವಲ್ಪ ಅಂತರ ಇರುತ್ತದೆ. ಪ್ಲೇನಾರ್‌ನಲ್ಲಿ ಎರಡೂ ಹತ್ತಿರ ಹತ್ತಿರ. ಮೀಟರಿನ ಮಾತನ್ನು ಇಲ್ಲಿ ಜಾಸ್ತಿ ನಂಬಬಹುದು.

ಪ್ಲಗ್ ತುದಿಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿದರೆ ಹಸಿರು ಕಿಲುಬು. ಉಂಗುರದ ಹಾಗೆ ಸುತ್ತಲೂ ಕಟ್ಟಿದೆ. ಜೂನ್‌ನಿಂದ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ತೆಳು ಲೇಪದ ಪ್ಲಗ್ ಯಾವ ಲೆಕ್ಕ ಅಲ್ವಾ. ಮಡಿಕೇರಿಯಿಂದ ತಂದ ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಾಕಿ ಪ್ಲಗ್ ಉಜ್ಜಿದೆ, ಸಾಕೆಟ್ ಒಳಗೆ ಬಿದಿರು ಕಡ್ಡಿಗೆ ಹತ್ತಿ ಸುತ್ತಿ ತಿರುಗಿಸಿದೆ. ಬಲಗಡೆ ಪೂರ್ತಿ ಸರಿಯಾಯಿತು. ಬದಲಾಯಿಸಲು ಹೊರಟಿದ್ದ ಜೋಡಿಯಲ್ಲಿ ಒಂದರ ಮೇಲೆ ಯಾವ ದೂರೂ ಉಳಿಯಲಿಲ್ಲ.

ಇಲ್ಲೊಂದು ಎಚ್ಚರಿಕೆ. ಸ್ಪೀಕರ್ ಬದುಕಿದೆಯಾ ನೋಡಲು ಸೆಲ್ ತಾಗಿಸಿ ಟಕ್ ಅನ್ನಿಸುವ ಹಳೇ ರೇಡಿಯೋ ರಿಪೇರಿ ಅಭ್ಯಾಸ ಇದೆಯಲ್ಲ, ಅದು ಇಲ್ಲಿ ಬೇಡ. 9 ವೋಲ್ಟ್ ಬ್ಯಾಟರಿ 33 ಓಮ್‌ಗೆ ತಾಗಿಸಿದರೆ ಲೆಕ್ಕಕ್ಕೆ ಎರಡೂವರೆ ವ್ಯಾಟ್ ಹತ್ತಿರ. ಅದೂ ಡಿಸಿ, ಹಾಳೆಯನ್ನು ಒಂದೇ ಕಡೆ ತಳ್ಳಿ ಹಿಡಿಯುತ್ತದೆ. ಮೀಟರ್ ಕಳಿಸುವ ಕರೆಂಟ್ ತೀರಾ ಕಮ್ಮಿ, ಅದರಿಂದ ಭಯ ಇಲ್ಲ.

ಆಗಸ್ಟ್ ಮೊದಲ ವಾರ

ಕಕ್ಕಡ ಹದಿನೆಂಟರ ಮದ್ದುಪಾಯಸ ಆಯಿತು, ಗರ್‌ಗರ್ ಹಾಗೇ ಇದೆ.

ಎಡ ಕಪ್ಪಿನ ಗೆರೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆಯಾ ನೋಡಬೇಕಿತ್ತು. ಮೀಟರ್ ಹಚ್ಚಿಟ್ಟು ಪ್ಯಾಡ್ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದೆ. ಒಳಗಿನ ಗಾಳಿಯ ಒತ್ತಡಕ್ಕೆ ಹಾಳೆ ಜರುಗುತ್ತದೆ, ಗೆರೆ ಬಿರುಕು ಬಿಟ್ಟಿದ್ದರೆ ಅಂಕಿ ಕುಣಿಯಬೇಕು. ಕುಣಿಯಲಿಲ್ಲ. ಪರಪರ ಅಂತ ಸಣ್ಣ ಸದ್ದು ಬಂತು. ಈ ಸದ್ದಿಗೆ ತುಂಬಾ ಜನ ಹೆದರುತ್ತಾರೆ. ಪ್ಯಾಡ್ ಬಿಗಿಯಾಗಿ ಕೂತಾಗ ಹಾಳೆ ಆ ಕಡೆ ಈ ಕಡೆ ಬಾಗುವ ಸದ್ದು ಅದು, ಅದೊಂದರಿಂದಲೇ ಡ್ರೈವರ್ ಹೋಗಿದೆ ಅನ್ನಲು ಆಗದು. ಆದರೆ ಜೋರಾಗಿ ಒತ್ತಿದರೆ ಹಾಳೆಯಲ್ಲಿ ಮಡಿಕೆ ಬಿದ್ದು ಹಾಗೇ ಉಳಿದುಬಿಡಬಹುದು. ಕಿವಿಯಿಂದ ತೆಗೆಯುವಾಗಲೂ ಪ್ಯಾಡಿನ ಒಂದು ಮೂಲೆ ಎತ್ತಿ ಗಾಳಿ ಬಿಟ್ಟು ಆಮೇಲೆ ತೆಗೆಯುವುದು ವಾಸಿ.

ನಂತರ ಸ್ವೀಪ್. 20 ಹರ್ಟ್ಸ್‌ನಿಂದ 200ರ ತನಕ ನಿಧಾನವಾಗಿ ಏರುವ ಸೈನ್ ಟೋನ್, ಎಡಕ್ಕೆ ಮಾತ್ರ. ಗರ್‌ಗರ್ 35ರ ಹತ್ತಿರ ಶುರು, 45ರಲ್ಲಿ ಜೋರು, 70 ದಾಟಿದರೆ ಮಾಯ. ನನಗೆ ಮುಖ್ಯ ಅನ್ನಿಸಿದ್ದು ವಾಲ್ಯೂಮ್. ತೀರಾ ಕಮ್ಮಿ ಇಟ್ಟಾಗಲೂ ಗರ್ ಅನ್ನುತ್ತಿತ್ತು. ಹಾಳೆ ಮ್ಯಾಗ್ನೆಟ್‌ಗೆ ಬಡಿಯುತ್ತಿದ್ದರೆ ಜೋರಾಗಿ ಇಟ್ಟಾಗ ಮಾತ್ರ ಕೇಳಬೇಕು, ಕಮ್ಮಿ ಸದ್ದಿಗೆ ಅದು ಅಷ್ಟು ದೂರ ಹೋಗುವುದೇ ಇಲ್ಲ. ಯಾವಾಗಲೂ ಕೇಳುತ್ತದೆ ಅಂದರೆ ಏನೋ ಒಂದು ಹಾಳೆಯನ್ನು ಸದಾ ತಾಗಿಕೊಂಡೇ ಇದೆ.

ಕಿವಿ ಒಂದನ್ನೇ ನಂಬುವುದು ಬೇಡ ಅಂತ ಅಳತೆಗೆ ಕೂತೆ. ರಟ್ಟಿನ ನಡುವೆ ತೂತು ಮಾಡಿ ಸಣ್ಣ ಎಲೆಕ್ಟ್ರೆಟ್ ಮೈಕ್ ಸಿಕ್ಕಿಸಿ, ಅದರ ಮೇಲೆ ಕಪ್ ಇಟ್ಟು, ಆರ್‌ಇಡಬ್ಲ್ಯೂ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಸ್ವೀಪ್. ಹೇಳಲು ಸುಲಭ. ಮನೆ ಮೇಲೆ ಶೀಟ್, ಶೀಟಿನ ಮೇಲೆ ಮಳೆ. ಮೈಕಿಗೆ ಅದೊಂದೇ ಕೇಳುತ್ತದೆ. ಮಳೆ ಬಿಟ್ಟಾಗ ಕರೆಂಟ್ ಇರುವುದಿಲ್ಲ. ಇನ್‌ವರ್ಟರ್ ಮೇಲೆ ನಡೆಸಿದರೆ 50, 100, 150 ಹರ್ಟ್ಸ್‌ನಲ್ಲಿ ಗ್ರಾಫ್ ತುಂಬ ಮುಳ್ಳು. ಟೋನ್ ಹಾಕದೆ ಸುಮ್ನೆ ರೆಕಾರ್ಡ್ ಮಾಡಿದರೂ ಆ ಮುಳ್ಳು ಇರುತ್ತದೆ, ಎರಡೂ ಕಡೆ ಒಂದೇ ಎತ್ತರ. ಹಾಗಾಗಿ ಅದು ಡ್ರೈವರಿನದ್ದಲ್ಲ. ಕೊನೆಗೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ, ನಸುಕಿನಲ್ಲಿ ಮಳೆ ಹನಿ ಕಡಿದಾಗ ಅಳೆದೆ.

100 ಹರ್ಟ್ಸ್ ಮೇಲೆ ಗ್ರಾಫಿನ ಎಡ ಬಲ ಗೆರೆಗಳು ಒಂದರ ಮೇಲೊಂದು ಕೂತವು. ಕೆಳಗೆ ಎಡ 3 ಡೆಸಿಬಲ್ ಕಮ್ಮಿ. ಪ್ಯಾಡ್ ಅದಲು ಬದಲು ಮಾಡಿದರೆ ಆ ಕೊರತೆಯಲ್ಲಿ ಹೆಚ್ಚಿನ ಪಾಲು ಬಲಕ್ಕೆ ಹೋಯಿತು! ಎಡ ಪ್ಯಾಡಿನ ಹೊಲಿಗೆ ತೇವಕ್ಕೆ ಉಬ್ಬಿ ಗಾಳಿ ಬಿಡುತ್ತಿತ್ತು. ಪ್ಲೇನಾರ್‌ನ ಕೆಳಗಿನ ಬೇಸ್ ಪೂರ್ತಿ ಪ್ಯಾಡ್ ಬಿಗಿಯ ಮೇಲೆ ನಿಂತಿದೆ, ಕನ್ನಡಕದ ಕಡ್ಡಿ ಅಡ್ಡ ಬಂದರೂ ಸಾಕು ಬೇಸ್ ಸೋರಿ ಹೋಗಲು. ಎಡ ಕಪ್ಪಿನಲ್ಲೇ ಉಳಿದದ್ದು ಡಿಸ್ಟಾರ್ಶನ್, ಅಂದರೆ ಹಾಕಿದ ಟೋನ್‌ನಲ್ಲಿ ಇಲ್ಲದೆ ಹೊಸದಾಗಿ ಸೇರಿದ ಸದ್ದು. ಎರಡನೇ, ಮೂರನೇ ಹಾರ್ಮೋನಿಕ್ (ಟೋನ್‌ನ ಎರಡರಷ್ಟು, ಮೂರರಷ್ಟು ಫ್ರೀಕ್ವೆನ್ಸಿ) ಸಾಧಾರಣ, ಅದರ ಮೇಲಿನವು ಸಾಲಾಗಿ ಎದ್ದು ನಿಂತಿದ್ದವು. ಏನೋ ಉಜ್ಜುತ್ತಿದೆ ಅನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಆಗಸ್ಟ್ ನಡು, ಬಿಚ್ಚಿದ ದಿನ

ಸರಿಯಾದ ಬಿಟ್ ಕುಶಾಲನಗರದ ಮೊಬೈಲ್ ಅಂಗಡಿಯಲ್ಲಿ ಸಿಕ್ಕಿತು. ಬಿಚ್ಚುವಾಗ ಮುಖ್ಯ ಭಯ ಸ್ಕ್ರೂ ಡ್ರೈವರ್‌ನದ್ದೇ. ಒಳಗಿರುವುದು ನಿಯೋಡಿಮಿಯಂ ಮ್ಯಾಗ್ನೆಟ್. ಉಕ್ಕಿನ ತುದಿ ಸ್ವಲ್ಪ ಹತ್ತಿರ ಬಂದರೆ ಕೈಯಿಂದ ಕಿತ್ತುಕೊಂಡು ಎಳೆಯುತ್ತದೆ, ನಡುವೆ ಇರುವುದು ಕೆಲವೇ ಮೈಕ್ರಾನ್ ದಪ್ಪದ ಹಾಳೆ. ತಲೆಕೂದಲೇ 70 ಮೈಕ್ರಾನ್ ಆಸುಪಾಸು ಇರುತ್ತದೆ, ಲೆಕ್ಕ ಹಾಕಿ. ಡ್ರೈವರ್ ಮೇಲೆ ದಪ್ಪ ರಟ್ಟು ಮುಚ್ಚಿ, ಅಂಚಿನ ಸ್ಕ್ರೂ ಮಾತ್ರ ಹೊರಗೆ ಕಾಣುವ ಹಾಗೆ ಮಾಡಿಕೊಂಡೆ. ಗ್ರಿಲ್ ತೆಗೆದ ಮೇಲೆ ಕಬ್ಬಿಣದ ಸಾಮಾನೆಲ್ಲ ಇನ್ನೊಂದು ಕೋಣೆಗೆ.

ಹೊರಗಿನ ಗ್ರಿಲ್ ಒಳಗೆ ಒಂದು ಧೂಳು ಬಟ್ಟೆ ಅಂಟಿಸಿರುತ್ತಾರೆ. ಎಡಗಡೆಯದ್ದರ ಅಂಟು ತೇವಕ್ಕೆ ಮೆತ್ತಗಾಗಿ ಕೆಳ ಅಂಚಿನಲ್ಲಿ ಬಾಯಿ ಬಿಟ್ಟಿತ್ತು. ಟಾರ್ಚನ್ನು ಓರೆ ಹಿಡಿದೆ. ಮ್ಯಾಗ್ನೆಟ್ ಪಟ್ಟಿಗಳ ನಡುವಿನ ಸಂದಿಯಲ್ಲಿ ಬೆಳ್ಳಿ ಗೆರೆ ಹೊಳೆಯುತ್ತಿತ್ತು, ಎಲ್ಲೂ ಎದ್ದಿಲ್ಲ. ಮೂರನೇ ಸಂದಿಯಲ್ಲಿ ಕಂದು ಬಣ್ಣದ, ಬೆಳಕು ತೂರುವ ಒಂದು ತುಣುಕು. ಮಳೆಹುಳದ ರೆಕ್ಕೆ. ಏಪ್ರಿಲ್, ಮೇ ತಿಂಗಳ ಮೊದಲ ಮಳೆಗೆ ಗೆದ್ದಲುಗಳು ಎದ್ದು ಬಂದು ದೀಪದ ಕೆಳಗೆ ರೆಕ್ಕೆ ಉದುರಿಸುತ್ತವಲ್ಲ, ಅದೇ. ಒಂದು ತುದಿ ಪಟ್ಟಿಗೆ ಅಂಟಿದೆ, ಇನ್ನೊಂದು ತುದಿ ಸಂದಿಯೊಳಗೆ ಇಳಿದು ಹಾಳೆಗೆ ತಾಗಿದೆ. ಪ್ಯಾಡ್ ಕಡೆಯಿಂದ ಮೆಲ್ಲಗೆ ಉಸಿರು ಬಿಟ್ಟರೆ ರೆಕ್ಕೆಯ ತುದಿ ನಡುಗುವುದು ಕಾಣುತ್ತಿತ್ತು.

ಅದರ ಪಕ್ಕ ಇನ್ನೊಂದು ಸಮಾಚಾರ. ಪಟ್ಟಿಗಳ ಅಂಚಿನಲ್ಲಿ ಕಪ್ಪು ಗಡ್ಡ, ಕಬ್ಬಿಣದ ಪುಡಿ. ನನ್ನ ಮೇಜು ಇರುವುದು ಶೆಡ್ಡಿನಲ್ಲಿ, ಅದೇ ಶೆಡ್ಡಿನಲ್ಲಿ ಕಳೆ ಹೊಡೆಯುವ ಮೆಷಿನ್ನಿನ ಬ್ಲೇಡ್ ಸಾಣೆ ಹಿಡಿಯುತ್ತಾರೆ. ಗಾಳಿಯಲ್ಲಿ ತೇಲಿದ ಪುಡಿಗೆ ಮ್ಯಾಗ್ನೆಟ್‌ಗಿಂತ ಒಳ್ಳೆ ಜಾಗ ಯಾವುದು?

ತೆಗೆಯುವಾಗ ಬ್ಲೋವರ್, ವ್ಯಾಕ್ಯೂಮ್, ಬಾಯಿಂದ ಜೋರಾಗಿ ಊದುವುದು, ಮೂರೂ ಬೇಡವೇ ಬೇಡ. ಹಾಳೆ ಹರಿದರೆ ಅಲ್ಲಿಗೆ ಮುಗಿಯಿತು. ಬಿದಿರು ಕಡ್ಡಿಯ ತುದಿಗೆ ಸೆಲ್ಲೋಟೇಪ್ ಅಂಟು ಹೊರಗೆ ಬರುವ ಹಾಗೆ ಸುತ್ತಿ, ರೆಕ್ಕೆಯ ಮೇಲಿನ ತುದಿಗೆ ತಾಗಿಸಿ ಎತ್ತಿದೆ. ಒಂದೇ ಸಲಕ್ಕೆ ಬಂತು. ಕಬ್ಬಿಣದ ಪುಡಿ ಅಷ್ಟು ಸುಲಭಕ್ಕೆ ಬರುವುದಿಲ್ಲ, ಟೇಪ್ ಎಳೆದರೆ ಮ್ಯಾಗ್ನೆಟ್ ವಾಪಸ್ ಎಳೆಯುತ್ತದೆ. ಹೊಸ ಟೇಪ್ ಸುತ್ತುತ್ತಾ, ಪಟ್ಟಿಯ ಮೇಲ್ಮೈಯಲ್ಲಿ ಮಾತ್ರ ಒತ್ತುತ್ತಾ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಸಂದಿಯ ಆಳದಲ್ಲಿ ಒಂದೆರಡು ಕಣ ಉಳಿದಿವೆ, ಹಾಳೆಗೆ ತಾಗುತ್ತಿಲ್ಲ. ಅವನ್ನು ಕೆದಕಲಿಲ್ಲ.

ಧೂಳು ಬಟ್ಟೆಯನ್ನು ಅಂಚಿಗೆ ತೆಳುವಾಗಿ ಅಂಟು ಸವರಿ ಕೂರಿಸಿ, ಒಂದು ರಾತ್ರಿ ಹಾಗೇ ಬಿಟ್ಟು ಮುಚ್ಚಿದೆ.

ಕೈಲ್‌ಪೊಳ್ದ್ (ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡವ ಹಬ್ಬ) ಆದ ಮೇಲೆ

ಸ್ವೀಪ್ ಈಗ ಶುದ್ಧ. ಮೇಲಿನ ಹಾರ್ಮೋನಿಕ್‌ಗಳು ಬಲಗಡೆಯ ಮಟ್ಟಕ್ಕೆ ಇಳಿದಿವೆ. ಡೋಲು ಡೋಲಿನ ಹಾಗೆ ಕೇಳುತ್ತದೆ. ಕೇಳುವುದಕ್ಕಿಂತ ಜಾಸ್ತಿ ಜೋರಾಗಿ ಇಟ್ಟಾಗ ಮಾತ್ರ 45 ಹರ್ಟ್ಸ್‌ನಲ್ಲಿ ಎಡಗಡೆ ಇನ್ನೂ ಸಣ್ಣದೊಂದು ಟಿಕ್. ಬಿಚ್ಚಿದಾಗ ಹಾಳೆಯ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಸುಕ್ಕು ಕಂಡಿತ್ತು, ಅದೇ ಇರಬೇಕು. ಹೇರ್ ಡ್ರೈಯರ್ ಬಿಸಿಗೆ ಸುಕ್ಕು ಬಿಡಿಸಬಹುದು ಅಂತ ಒಬ್ಬರು ಸಲಹೆ ಕೊಟ್ಟರು. ಹಾಳೆಗೆ ಗೆರೆ ಹಿಡಿದಿರುವ ಅಂಟು ಬಿಸಿಗೆ ಬಿಟ್ಟರೆ ಈಗ ಇಲ್ಲದ ತೊಂದರೆ ಕೈಯಾರೆ ತಂದುಕೊಂಡ ಹಾಗೆ. ಮಾಡುವುದಿಲ್ಲ.

ಇಡುವ ಜಾಗ ಬದಲಾಯಿತು. ಅಡುಗೆ ಮನೆ ಒಲೆಯ ಮೇಲಿನ ಅಟ್ಟದಲ್ಲಿಡು, ಬೆಚ್ಚಗಿರುತ್ತದೆ ಅಂತ ಮನೆಯಲ್ಲಿ ಹೇಳಿದರು. ಮೆಣಸಿಗೆ ಸರಿ, ಹೊಗೆ ಕುಡಿದ ಪ್ಯಾಡ್ ಕಿವಿಗೆ ಹಾಕಿಕೊಳ್ಳುವವರು ಯಾರು? ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ನೀಲಿ ಸಿಲಿಕಾ ಜೆಲ್, ತೇವ ಅಳೆಯಲು ಒಂದು ಅಗ್ಗದ ಹೈಗ್ರೋಮೀಟರ್. ಶೇಕಡ 45ರ ಆಸುಪಾಸು ನಿಲ್ಲಿಸುವುದು ಗುರಿ. ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದು ತುಂಬಿದೆ ಅಂತ, ಬಿಸಿ ಮಾಡಿದರೆ ಮತ್ತೆ ನೀಲಿ. ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡ್‌ನದ್ದು, ವಿಷ. ಹುರಿಯಲು ಬೇರೆ ಹಳೇ ಬಾಣಲೆ, ಬೇರೆ ಒಲೆ, ಮನೆಯ ಹೊರಗೆ.

ಎಡ ಪ್ಯಾಡಿಗೆ ಬೂಷ್ಟು ಕೂಡ ಹಿಡಿದಿದೆ. ಹೊಸ ಜೋಡಿಗೆ ಆರ್ಡರ್ ಹಾಕಿದ್ದೇನೆ, ಹಳೆಯದರಷ್ಟೇ ದಪ್ಪದ್ದು. ದಪ್ಪ ಬದಲಾದರೆ ಕಿವಿಗೂ ಡ್ರೈವರ್‌ಗೂ ಅಂತರ ಬದಲಾಗಿ ಸದ್ದೇ ಬೇರೆಯಾಗುತ್ತದೆ. ಅದು ಬಂದ ಮೇಲೆ 100 ಹರ್ಟ್ಸ್ ಕೆಳಗಿನ ಆ 3 ಡೆಸಿಬಲ್‌ನಲ್ಲಿ ಪ್ಯಾಡಿನ ಪಾಲು ಎಷ್ಟು, ಸುಕ್ಕಿನ ಪಾಲು ಎಷ್ಟು ಅಂತ ಮತ್ತೆ ಅಳೆಯಬೇಕು. ಅಷ್ಟರಲ್ಲಿ ಮಳೆ ಕಮ್ಮಿಯಾಗಿದ್ದರೆ ನಸುಕಿನಲ್ಲಿ ಏಳುವ ಕೆಲಸ ತಪ್ಪುತ್ತದೆ.