ವಿಂಡೋಸ್ 10 ಉಳಿಸಿಕೊಂಡೇ ಪಕ್ಕದಲ್ಲಿ 11 ಹಾಕುವುದು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ ಹಳೆಯದನ್ನು ಒಂದೇ ದಿನಕ್ಕೆ ಬಿಟ್ಟುಬಿಡಲು ಎಲ್ಲರಿಗೂ ಆಗುವುದಿಲ್ಲ. ಹಳೆ ನುಡಿ ಫಾಂಟಿನಲ್ಲಿ ಮಾಡಿಟ್ಟ ಪೇಜ್‌ಮೇಕರ್ ಫೈಲುಗಳಿರುವ ಡಿಟಿಪಿ ಅಂಗಡಿ, ಹೊಸ ಡ್ರೈವರ್ ಸಿಗದ ಸ್ಕ್ಯಾನರ್ ನಂಬಿಕೊಂಡ ಕಚೇರಿ, ಇಂಥ ಕಡೆ ಅಪ್‌ಗ್ರೇಡ್ ಒತ್ತುವುದಕ್ಕಿಂತ ವಿಂಡೋಸ್ 10, 11 ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳುವುದೇ ಸರಿ. ಇದರಲ್ಲಿ ಇನ್‌ಸ್ಟಾಲ್ ಮಾಡುವುದು ಸುಲಭದ ಭಾಗ. ಕೆಲಸ ಇರುವುದು ಅದಕ್ಕೆ ಮೊದಲು ಮತ್ತು ಅದಾದ ಮೇಲೆ.

ಮೊದಲು ಯಂತ್ರ 11ಕ್ಕೆ ತಕ್ಕದ್ದೇ ನೋಡಿ: ಟಿಪಿಎಂ 2.0 (ಭದ್ರತಾ ಚಿಪ್), ಸೆಕ್ಯೂರ್ ಬೂಟ್ (ನಂಬಲರ್ಹವಲ್ಲದ್ದು ಬೂಟ್ ಆಗದಂತೆ ತಡೆಯುವ ಸೌಲಭ್ಯ), ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಮುಂದಿನದು. 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಸಾಕು ಎಂದು ಕಂಪನಿ ಹೇಳುತ್ತದೆ. 8 ಜಿಬಿ ರ‍್ಯಾಮ್, 100 ಜಿಬಿ ಜಾಗ ಇಲ್ಲದೆ ಕೈಹಾಕಬೇಡಿ.

ಆಮೇಲೆ ಸಿಸ್ಟಮ್ ಇನ್ಫರ್ಮೇಷನ್ ತೆರೆದು ‘ಬಯಾಸ್ ಮೋಡ್’ ಸಾಲು ಓದಿ. ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಎಂದಿದ್ದರೆ ಮುಂದಕ್ಕೆ ಹೋಗಿ. ಲೆಗಸಿ ಎಂದಿದ್ದರೆ ಡಿಸ್ಕಿನ ಪಾರ್ಟಿಷನ್ ಪಟ್ಟಿ ಎಂಬಿಆರ್ ಎಂಬ ಹಳೆ ರೀತಿಯದು. ಯುಇಎಫ್‌ಐನಲ್ಲಿ ಬೂಟ್ ಆದ ಸೆಟಪ್ ಅದನ್ನು ಒಪ್ಪುವುದಿಲ್ಲ. ವಿಂಡೋಸ್ 10ರಲ್ಲೇ ಇರುವ ಎಂಬಿಆರ್‌ಟುಜಿಪಿಟಿ ಕಮಾಂಡ್ ಡೇಟಾ ಅಳಿಸದೆ ಜಿಪಿಟಿ ಎಂಬ ಹೊಸ ರೀತಿಗೆ ಬದಲಿಸುತ್ತದೆ. ಮೊದಲು ವ್ಯಾಲಿಡೇಟ್, ಆಮೇಲೆ ಕನ್ವರ್ಟ್, ಕೊನೆಗೆ ಬಯಾಸ್‌ಗೆ ಹೋಗಿ ಯುಇಎಫ್‌ಐ ಆನ್. ತೊಂದರೆ ಏನೆಂದರೆ, ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿದ್ದರೆ ಅಥವಾ ಲಾಜಿಕಲ್ ಪಾರ್ಟಿಷನ್ ಒಂದಿದ್ದರೂ ಅದು ಮುಂದೆ ಹೋಗುವುದಿಲ್ಲ. ಅಸೆಂಬಲ್ ಮಾಡಿಕೊಡುವವರು ಸಿ, ಡಿ, ಇ, ಎಫ್ ಎಂದು ಹೋಳು ಮಾಡಿಟ್ಟ ಹಳೆ ಡಿಸ್ಕುಗಳು ಸಿಕ್ಕಿಬೀಳುವುದು ಇಲ್ಲೇ.

ಇನ್ನು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ ಎನ್‌ಕ್ರಿಪ್ಷನ್. ‘ನಾನು ಹಾಕಿಯೇ ಇಲ್ಲ’ ಎನ್ನಬೇಡಿ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರುತ್ತದೆ. 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹೋಮ್ ಆವೃತ್ತಿಯಲ್ಲಿ ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಡಿಕ್ರಿಪ್ಟ್ ಆಗುವವರೆಗೆ ಕಾಯಿರಿ. ಪ್ರೊನಲ್ಲಿ ಸಸ್ಪೆಂಡ್ ಸಾಕು. ಆದರೆ ರೀಸ್ಟಾರ್ಟ್ ಆಗಿ ಹಳೆ ವಿಂಡೋಸ್ ಮತ್ತೆ ತೆರೆದರೆ ಅದು ತಾನೇ ಜೀವ ಪಡೆಯುತ್ತದೆ, ಹಾಗಾಗಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡುವ ಮುಂಚಿನ ಕೊನೆಯ ಕೆಲಸವಾಗಿ ಮಾಡಿ.

ಜಾಗ ಬಿಡಿಸಲು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಅಲ್ಲಿ ಎಂಬಿ ಲೆಕ್ಕ. 100 ಜಿಬಿಗೆ 102400. ಸಿಯಲ್ಲಿ 200 ಜಿಬಿ ಖಾಲಿ ಇದ್ದರೂ ‘12 ಜಿಬಿ ಮಾತ್ರ ಬಿಡಿಸಬಹುದು’ ಎಂಬಂತೆ ತೋರಿಸಿದರೆ ಗಾಬರಿಯಾಗಬೇಡಿ. ಜರುಗಿಸಲಾಗದ ಫೈಲೊಂದು ಡಿಸ್ಕಿನ ಕೊನೆಯ ಕಡೆ ಕೂತಿದೆ ಎಂದಷ್ಟೇ ಅದರ ಅರ್ಥ. ಅದು ಪೇಜ್‌ಫೈಲ್ (ನೆನಪು ಸಾಲದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಫೈಲ್) ಇರಬಹುದು, ಹೈಬರ್ನೇಷನ್ ಫೈಲ್ ಇರಬಹುದು, ರಿಸ್ಟೋರ್ ಪಾಯಿಂಟ್ ಇರಬಹುದು. ಈವೆಂಟ್ ವ್ಯೂವರ್‌ನ ಅಪ್ಲಿಕೇಷನ್ ಲಾಗ್‌ನಲ್ಲಿ 259ನೇ ಈವೆಂಟ್ ಹುಡುಕಿದರೆ ಅಡ್ಡ ಕೂತ ಫೈಲಿನ ಹೆಸರೇ ಸಿಗುತ್ತದೆ. ಈ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಶ್ರಿಂಕ್ ಮುಗಿಸಿ, ಪೇಜ್‌ಫೈಲ್ ವಾಪಸ್ ಆನ್ ಮಾಡಿ. ಬಿಡಿಸಿದ ಜಾಗವನ್ನು ಫಾರ್ಮ್ಯಾಟ್ ಮಾಡದೆ ಹಾಗೇ ‘ಅನ್‌ಅಲೊಕೇಟೆಡ್’ ಆಗಿ ಬಿಡಿ.

ಮೈಕ್ರೋಸಾಫ್ಟ್‌ನ ವಿಂಡೋಸ್ 11 ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿ ಪೆನ್‌ಡ್ರೈವ್ ತಯಾರಿಸಿ ಅದರಿಂದಲೇ ಬೂಟ್ ಮಾಡಿ. ಹಳೆ ವಿಂಡೋಸ್ ಒಳಗಿಂದ ಸೆಟಪ್ ಓಡಿಸಿದರೆ ಅದು ಹಳೆಯದನ್ನೇ ಅಪ್‌ಗ್ರೇಡ್ ಮಾಡಲು ಹೊರಡುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯ ಸೆಟಪ್‌ನಲ್ಲಿ ‘ಫೈಲು, ಆ್ಯಪ್, ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ, ಒಪ್ಪಿದ್ದೇನೆ’ ಎಂಬ ಚೌಕಕ್ಕೆ ಟಿಕ್ ಹಾಕಲೇಬೇಕು. ಎದೆ ಧಸಕ್ಕೆನ್ನಿಸುವ ಸಾಲು, ಆದರೆ ಅಲ್ಲಿ ಏನೂ ಅಳಿಯುವುದಿಲ್ಲ. ಡಿಸ್ಕಿನ ಪಟ್ಟಿ ಆಮೇಲೆ ಬರುತ್ತದೆ. ಅಲ್ಲಿ ಅನ್‌ಅಲೊಕೇಟೆಡ್ ಸಾಲು ಆರಿಸಿ ನೆಕ್ಸ್ಟ್ ಒತ್ತಿ. ಡಿಲೀಟ್, ಫಾರ್ಮ್ಯಾಟ್ ಕಡೆ ಬೆರಳೂ ಹೋಗಬಾರದು. ಪಟ್ಟಿಯಲ್ಲಿ ಡಿಸ್ಕೇ ಕಾಣದಿದ್ದರೆ, ಇಂಟೆಲ್ ಹನ್ನೊಂದನೇ ತಲೆಮಾರು ಮತ್ತು ಆಚೆಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ವಿಎಂಡಿ (ಡಿಸ್ಕ್ ನಿಭಾಯಿಸುವ ಇಂಟೆಲ್ ವ್ಯವಸ್ಥೆ) ಕಾರಣ. ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಹಾಗೆ ಮಾಡಿದರೆ ಹಳೆ ವಿಂಡೋಸ್ ಬೂಟ್ ಆಗದೆ ನಿಲ್ಲಬಹುದು. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಎಕ್ಸ್‌ಟ್ರಾಕ್ಟ್ ಮಾಡಿ, ಪೆನ್‌ಡ್ರೈವ್‌ಗೆ ಹಾಕಿ, ‘ಲೋಡ್ ಡ್ರೈವರ್’ ಮೂಲಕ ಕೊಡಿ.

ಮುಗಿದ ಮೇಲೆ ನೀಲಿ ಪರದೆಯಲ್ಲಿ ಎರಡು ವಿಂಡೋಸ್ ಕಾಣುತ್ತವೆ, 30 ಸೆಕೆಂಡ್ ಕಾದು ಹೊಸದು ತಾನೇ ಶುರುವಾಗುತ್ತದೆ. ಹಳೆಯದನ್ನು ಆರಿಸಿದಾಗ ಯಂತ್ರ ಒಮ್ಮೆ ರೀಸ್ಟಾರ್ಟ್ ಆಗುವುದು ದೋಷವಲ್ಲ; ಆ ಪರದೆ ಬರುವ ಹೊತ್ತಿಗೆ ಹೊಸ ವಿಂಡೋಸ್ ಅರ್ಧ ಎದ್ದಿರುತ್ತದೆ. ಎಂಎಸ್‌ಕಾನ್ಫಿಗ್ ಎಂಬ ವಿಂಡೋಸ್ ಟೂಲಿನ ಬೂಟ್ ಟ್ಯಾಬ್‌ನಲ್ಲಿ ಮೊದಲ ಆಯ್ಕೆಯನ್ನೂ ಕಾಯುವ ಸಮಯವನ್ನೂ ಬದಲಿಸಬಹುದು.

ತಪ್ಪದೆ ಮಾಡಬೇಕಾದದ್ದು ಫಾಸ್ಟ್ ಸ್ಟಾರ್ಟಪ್ ಆಫ್, ಅದೂ ಎರಡು ವಿಂಡೋಸ್‌ನಲ್ಲೂ. ಅದು ಆನ್ ಇದ್ದಾಗ ಶಟ್‌ಡೌನ್ ಎನ್ನುವುದು ಅರೆನಿದ್ರೆ. ಡಿಸ್ಕಿನ ಸ್ಥಿತಿಯನ್ನು ನೆನಪಿನಲ್ಲಿಟ್ಟುಕೊಂಡೇ ಮಲಗುತ್ತದೆ. ಅಷ್ಟರಲ್ಲಿ ಇನ್ನೊಂದು ವಿಂಡೋಸ್ ಅದೇ ಡ್ರೈವ್‌ಗೆ ಬರೆದರೆ ಎರಡರ ಲೆಕ್ಕ ತಾಳೆಯಾಗದೆ ಚೆಕ್‌ಡಿಸ್ಕ್ ಓಡುತ್ತದೆ, ಫೈಲು ಕೆಡುವುದೂ ಉಂಟು. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ, ಸ್ಪೇಸ್, ಸ್ಲ್ಯಾಷ್ ಎಚ್, ಸ್ಪೇಸ್, ಆಫ್ ಎಂದು ಕೊಟ್ಟರೆ ಹೈಬರ್ನೇಷನ್ ಜೊತೆಗೆ ಅದೂ ಹೋಗುತ್ತದೆ.

ಅಮೆರಿಕ, ಯುರೋಪಿನಲ್ಲಿರುವವರಿಗೆ ಇನ್ನೊಂದು ಕಿರಿಕಿರಿ: ಬೇಸಿಗೆ ಸಮಯ ಬದಲಾದಾಗ ಎರಡೂ ವಿಂಡೋಸ್ ಒಂದೊಂದು ಸಲ ಗಡಿಯಾರ ತಿದ್ದಿ, ಇಂಟರ್ನೆಟ್ ಸಮಯಕ್ಕೆ ಹೊಂದುವವರೆಗೆ ಒಂದು ಗಂಟೆ ತಪ್ಪು ತೋರಿಸಬಹುದು. ಭಾರತದಲ್ಲಿ ಆ ತಾಪತ್ರಯವಿಲ್ಲ.

ಡೆಸ್ಕ್‌ಟಾಪ್ ಆಗಿದ್ದು ಎರಡನೇ ಎಸ್‌ಎಸ್‌ಡಿ ಹಾಕಲು ಸಾಧ್ಯವಿದ್ದರೆ ಶ್ರಿಂಕ್ ಗೊಡವೆಯೇ ಬೇಡ. ಹಳೆ ಡಿಸ್ಕಿನ ಕೇಬಲ್ ಕಿತ್ತಿಟ್ಟು ಹೊಸದಕ್ಕೆ 11 ಹಾಕಿ, ಆಮೇಲೆ ಕೇಬಲ್ ಸೇರಿಸಿ. ಆಗ ಎರಡಕ್ಕೂ ಸ್ವಂತ ಬೂಟ್ ಪಾರ್ಟಿಷನ್ ಇರುತ್ತದೆ, ಯಾವುದು ಬೇಕೋ ಅದನ್ನು ಬಯಾಸ್‌ನ ಬೂಟ್ ಮೆನುವಿನಿಂದ ಆರಿಸಬಹುದು.

ಒಂದೇ ಡಿಸ್ಕಿನಲ್ಲಿ ಹಾಕಿದವರು ಮುಂದೊಂದು ದಿನ 10 ತೆಗೆಯುವಾಗ, ಮೊದಲು ಎಂಎಸ್‌ಕಾನ್ಫಿಗ್‌ನಲ್ಲಿ ಅದರ ಹೆಸರು ಅಳಿಸಿ, ನಂತರ ಪಾರ್ಟಿಷನ್ ಅಳಿಸಬೇಕು. ಆ ಜಾಗ 11ರ ಎಡಕ್ಕೆ ಉಳಿಯುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ಬಲಗಡೆಯ ಖಾಲಿ ಜಾಗವನ್ನು ಮಾತ್ರ ಸೇರಿಸಿಕೊಳ್ಳಬಲ್ಲದು, ಹಾಗಾಗಿ ಅದನ್ನು ಡೇಟಾ ಡ್ರೈವ್ ಮಾಡಿಕೊಳ್ಳಿ. 10ರ ಪಾರ್ಟಿಷನ್‌ನ ಎಡಕ್ಕೆ ಸಾಮಾನ್ಯವಾಗಿ 100 ಎಂಬಿಯ, ಬೂಟ್ ಫೈಲುಗಳಿರುವ ಇಎಫ್‌ಐ ಪಾರ್ಟಿಷನ್ ಒಂದಿರುತ್ತದೆ. ಹಳೆಯದರದ್ದೇ ಎಂದು ಅದನ್ನೂ ಸೇರಿಸಿ ಅಳಿಸಿದರೆ 11 ಕೂಡ ಏಳುವುದಿಲ್ಲ.